ಹಳೆಯ ಸೈನಿಕ ರೈಫಲಿನ ಸ್ಥಿತಿ ಮತ್ತು ಚರಿತ್ರೆ: ಲೀ-ಎನ್‌ಫೀಲ್ಡ್ ಕೋವಿಯೊಂದರ ಪರಿಶೀಲನೆ

ಇತಿಹಾಸದ ಆಕರಗಳು ಎಂದೊಡನೆ ನಮ್ಮ ಕಾಲೇಜುಗಳಲ್ಲಿ ಶಾಸನ, ನಾಣ್ಯ, ಕಡತ, ಪ್ರವಾಸಿಗಳ ಬರವಣಿಗೆ ಇವುಗಳೇ ಮುಂದೆ ಬಂದು ನಿಲ್ಲುತ್ತವೆ. ಕಾರ್ಖಾನೆಯಲ್ಲಿ ಒಂದೇ ಅಚ್ಚಿನಲ್ಲಿ ಲಕ್ಷಗಟ್ಟಲೆ ತಯಾರಾದ ವಸ್ತುವಿಗೆ ಆ ಪಂಕ್ತಿಯಲ್ಲಿ ಸ್ಥಾನವಿಲ್ಲವೆಂಬುದು ಸಾಮಾನ್ಯವಾದ ಭಾವನೆ. ಒಂದರಂತೆ ಮತ್ತೊಂದಿರುವ ವಸ್ತುವಿನಿಂದ ಇತಿಹಾಸಕಾರನು ಕಲಿಯುವುದೇನಿದೆ ಎಂದು ಕೇಳುವವರುಂಟು. ಆದರೆ ಸರ್ಕಾರದ ಸೊತ್ತಾದ ಸೈನಿಕ ರೈಫಲಿನಷ್ಟು ಮೈತುಂಬ ಬರಹವನ್ನು ಹೊತ್ತ ವಸ್ತು ಆಧುನಿಕ ಕಾಲದಲ್ಲಿ ಅಪೂರ್ವ. ಅದು ಹುಟ್ಟಿದ ವರ್ಷ, ಹುಟ್ಟಿದ ಕಾರ್ಖಾನೆ, ಆಗ ಆಳುತ್ತಿದ್ದ ದೊರೆ, ಅದು ಯಾರ ಸೊತ್ತು, ಎಷ್ಟು ಬಾರಿ ರಿಪೇರಿಯಾಯಿತು, ಯಾವಾಗ ಕೆಲಸಕ್ಕೆ ಬಾರದೆಂದು ತಳ್ಳಲ್ಪಟ್ಟಿತು ಎಂಬುದೆಲ್ಲ ಉಕ್ಕಿನ ಮೇಲೆಯೂ ಮರದ ಮೇಲೆಯೂ ಒತ್ತಲ್ಪಟ್ಟಿರುತ್ತದೆ. ಆ ಬರಹವನ್ನು ಓದುವ ಕ್ರಮವನ್ನು ಪ್ರಕೃತ ಲೇಖನದಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ.

ಉದಾಹರಣೆಗಾಗಿ ನಾವು ಆರಿಸಿಕೊಂಡಿರುವುದು ಲೀ-ಎನ್‌ಫೀಲ್ಡ್ ರೈಫಲು. ಜನರ ಬಾಯಲ್ಲಿ ಇದು ‘ತ್ರೀ ನಾಟ್ ತ್ರೀ’. ನಳಿಗೆಯ ಒಳವ್ಯಾಸವು ಅಂಗುಲದ ೦.೩೦೩ ಭಾಗವಾದುದರಿಂದ ಬಂದ ಹೆಸರು ಅದು. ನಮ್ಮ ವಿದ್ಯಾರ್ಥಿಗಳಿಗೆ ಇದು ಅಪರಿಚಿತವಲ್ಲ. ೧೯೪೮ರಲ್ಲಿ ಸ್ಥಾಪಿತವಾದ ಎನ್.ಸಿ.ಸಿ.ಯ ಕವಾಯತಿನಲ್ಲಿ ಎಷ್ಟೋ ತಲೆಮಾರುಗಳ ತರುಣರ ಹೆಗಲನ್ನು ನೋಯಿಸಿದ ಕೋವಿ ಇದೇ. ಉತ್ತರಪ್ರದೇಶದ ಪೋಲೀಸರು ಇದಕ್ಕೆ ವಿಧ್ಯುಕ್ತವಾಗಿ ವಿದಾಯ ಹೇಳಿದುದು ೨೦೨೦ರ ಗಣರಾಜ್ಯ ದಿನದಂದು. ೧೯೦೭ರಲ್ಲಿ ಅಂಗೀಕೃತವಾದ ಮಾದರಿಯೊಂದು ನೂರು ವರ್ಷಕ್ಕೂ ಮೀರಿ ಕಾಯಕದಲ್ಲಿ ಉಳಿದುದು ಆಯುಧಗಳ ಚರಿತ್ರೆಯಲ್ಲಿ ವಿರಳವಾದ ಸಂಗತಿ.

ವಿಷಯಕ್ಕೆ ಪ್ರವೇಶಿಸುವ ಮುನ್ನ ಎರಡು ಮಾತು ಅವಶ್ಯ. ಮೊದಲನೆಯದು ಸುರಕ್ಷತೆ. ಯಾವ ಕೋವಿಯನ್ನೇ ಆಗಲಿ ತುಂಬಿದೆಯೆಂದೇ ಭಾವಿಸಿ ಮುಟ್ಟಬೇಕು. ಮೂತಿಯನ್ನು ಜನರಿಲ್ಲದ ಕಡೆಗೆ ತಿರುಗಿಸಿ, ಮ್ಯಾಗಜಿನ್ ಕಳಚಿ, ಬೋಲ್ಟನ್ನು ಹಿಂದಕ್ಕೆಳೆದು, ತೋಟಾ ಕೂರುವ ಗೂಡನ್ನು ಕಣ್ಣಿನಿಂದ ನೋಡಿಯೂ ಬೆರಳಿನಿಂದ ಮುಟ್ಟಿಯೂ ಖಚಿತಪಡಿಸಿಕೊಂಡ ಮೇಲೆಯೇ ಪರಿಶೀಲನೆಗೆ ಕೈಹಾಕತಕ್ಕದ್ದು. ಎರಡನೆಯದು ಕಾನೂನು. ೧೯೫೯ರ ಆಯುಧ ಕಾಯಿದೆಯ ವ್ಯವಸ್ಥೆಯಲ್ಲಿ ೦.೩೦೩ ರೈಫಲು ನಿಷಿದ್ಧ ಬೋರಿನ ವರ್ಗಕ್ಕೆ ಸೇರಿದೆ; ಅದನ್ನು ಸಾಮಾನ್ಯ ಪ್ರಜೆಯು ಇಟ್ಟುಕೊಳ್ಳುವಂತಿಲ್ಲ. ಹಳೆಯದಾದ ಮಾತ್ರಕ್ಕೆ ಕೋವಿಯು ಕಾಯಿದೆಯಿಂದ ಹೊರಗುಳಿಯುವುದೂ ಇಲ್ಲ. ಪುರಾತನವೋ ಕಾಲಬಾಹಿರವೋ ಆಗಿ, ರಿಪೇರಿ ಮಾಡಿದರೂ ಸಿಡಿಯಲಾರದ ಸ್ಥಿತಿಯಲ್ಲಿದ್ದರೆ ಮಾತ್ರ ವಿನಾಯಿತಿ. ಆದಕಾರಣ ನಮ್ಮಲ್ಲಿ ಈ ಅಧ್ಯಯನವು ವಸ್ತುಸಂಗ್ರಹಾಲಯ, ಪೋಲೀಸ್ ಶಸ್ತ್ರಾಗಾರ, ಎನ್.ಸಿ.ಸಿ. ಉಗ್ರಾಣ ಇವುಗಳಲ್ಲಿ, ಅಲ್ಲಿನ ಅಧಿಕಾರಿಗಳ ಅನುಮತಿಯಿಂದ, ಅವರ ಸಮ್ಮುಖದಲ್ಲಿಯೇ ನಡೆಯಬೇಕು. ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಇದನ್ನು ಹವ್ಯಾಸಿಗಳು ಕೊಂಡು ಕೂಡಿಸುವುದರಿಂದ ಅಲ್ಲಿ ಬೆಲೆಯ ಪ್ರಶ್ನೆಯೂ ಬೆರೆತುಕೊಂಡಿದೆ. ಅದರ ಕೇಡನ್ನು ಮುಂದೆ ಹೇಳುತ್ತೇವೆ.

ಈ ಕೋವಿಯ ವಂಶಾವಳಿಯನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗೆ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಉತ್ತರ ಅಮೆರಿಕದಲ್ಲಿ ಬೆಳೆದ ಜೇಮ್ಸ್ ಪ್ಯಾರಿಸ್ ಲೀ ಎಂಬಾತನ ಬೋಲ್ಟು ಮತ್ತು ಪೆಟ್ಟಿಗೆಯಾಕಾರದ ಮ್ಯಾಗಜಿನ್, ವಿಲಿಯಂ ಮೆಟ್‌ಫರ್ಡ್ ಎಂಬಾತನ ಏಳು ತೋಡುಗಳ ನಳಿಗೆ ಇವೆರಡೂ ಕೂಡಿ ೧೮೮೮ರಲ್ಲಿ ಲೀ-ಮೆಟ್‌ಫರ್ಡ್ ರೈಫಲಾಯಿತು. ಗುಂಡಿಗೆ ತಿರುಗಾಟವನ್ನು ಕೊಡುವುದಕ್ಕಾಗಿ ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳನ್ನು ಇಲ್ಲಿ ತೋಡುಗಳೆನ್ನುತ್ತಿದ್ದೇವೆ. ಮೆಟ್‌ಫರ್ಡನ ಆಳವಿಲ್ಲದ ತೋಡುಗಳು ಕರಿಮದ್ದಿಗೆ ಒಪ್ಪುವಂಥವು. ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದು ಬಳಕೆಗೆ ಬಂದೊಡನೆ ಅದರ ಕಾವಿಗೆ ಅವು ಬೇಗನೆ ಸವೆದುಹೋದವು. ಆಗ ಎನ್‌ಫೀಲ್ಡ್ ಕಾರ್ಖಾನೆಯವರು ಐದು ಆಳವಾದ ತೋಡುಗಳನ್ನು ಎಡಸುರುಳಿಯಾಗಿ, ಹತ್ತು ಅಂಗುಲಕ್ಕೆ ಒಂದು ಸುತ್ತಿನಂತೆ ಕೊರೆದರು. ೧೮೯೫ರಿಂದ ಹೆಸರು ಲೀ-ಎನ್‌ಫೀಲ್ಡ್ ಆಯಿತು. ಕಾಲಾಳಿಗೂ ಕುದುರೆ ಸವಾರನಿಗೂ ಒಂದೇ ಆಯುಧ ಸಾಕೆಂದು ಉದ್ದವನ್ನು ತಗ್ಗಿಸಿ, ೧೯೦೩ರಿಂದ ೨೫.೨ ಅಂಗುಲದ ನಳಿಗೆಯ ‘ಶಾರ್ಟ್’ ಮಾದರಿಯನ್ನು ಕೊಡಲಾರಂಭಿಸಿದರು. ಅದರ ಮೂರನೆಯ ಮಾರ್ಕು ೧೯೦೭ರ ಜನವರಿಯದು. ನಾವು ಇಂದು ನೋಡುವ ಹಳೆಯ ತ್ರೀ ನಾಟ್ ತ್ರೀಗಳಲ್ಲಿ ಬಹುಪಾಲು ಈ ಮಾರ್ಕಿನವು, ಇಲ್ಲವೆ ಅದನ್ನು ಯುದ್ಧದ ತ್ವರೆಯಲ್ಲಿ ೧೯೧೬ರಲ್ಲಿ ಸರಳಗೊಳಿಸಿದ ‘ನಕ್ಷತ್ರ ಚಿಹ್ನೆಯ’ ಮೂರನೆಯ ಮಾರ್ಕಿನವು. ಹೂಗ್ಲಿ ನದಿಯ ದಂಡೆಯ ಈಶಾಪುರದ ರೈಫಲ್ ಕಾರ್ಖಾನೆಯು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಈ ಜಾತಿಯ ಕೋವಿಗಳ ತಯಾರಿಕೆಗೆ ತೊಡಗಿ, ಸ್ವಾತಂತ್ರ್ಯಾನಂತರವೂ ಅದನ್ನು ಮುಂದುವರಿಸಿತು. ೧೯೬೨ರ ಯುದ್ಧದ ತರುವಾಯ ಅದೇ ವಿನ್ಯಾಸವನ್ನು ಬಲವಾದ ಉಕ್ಕಿನಲ್ಲಿ, ೭.೬೨ ಮಿಲಿಮೀಟರಿನ ತೋಟಾಕ್ಕೆ ಹೊಂದಿಸಿ ಮಾಡಿದರು.

ಇನ್ನು ಬರಹವನ್ನು ಓದುವ ಕ್ರಮ. ಹಿಂಭಾಗದ ಮರವು, ಅಂದರೆ ಬಟ್ಟು, ಉಕ್ಕಿನ ದೇಹಕ್ಕೆ ಸೇರುವೆಡೆಯಲ್ಲಿ ಪಟ್ಟಿಯಂತೆ ಸುತ್ತಿರುವ ಭಾಗವನ್ನು ಕೊರಳೆಂದು ಕರೆಯೋಣ. ಅದರ ಬಲಮೈಯೇ ಕೋವಿಯ ಜಾತಕ. ಮೇಲೆ ಕಿರೀಟ, ಅದರಡಿಯಲ್ಲಿ ದೊರೆಯ ಹೆಸರಿನ ಅಕ್ಷರಗಳು, ಅನಂತರ ಕಾರ್ಖಾನೆ, ವರ್ಷ, ಮಾರ್ಕು. ಏಳನೆಯ ಎಡ್ವರ್ಡನ ಕಾಲದಲ್ಲಿ ‘ಇ.ಆರ್.’, ಐದನೆಯ ಮತ್ತು ಆರನೆಯ ಜಾರ್ಜರ ಕಾಲದಲ್ಲಿ ‘ಜಿ.ಆರ್.’. ಈಶಾಪುರದ ಅನೇಕ ಕೋವಿಗಳ ಮೇಲೆ ‘ಜಿ.ಆರ್.ಐ.’ ಎಂದು ಮೂರಕ್ಷರವಿರುತ್ತದೆ. ಕೊನೆಯ ಅಕ್ಷರವು ‘ಇಂಪರೇಟರ್’, ಎಂದರೆ ಚಕ್ರವರ್ತಿ, ಎಂಬುದರ ಸೂಚನೆ. ಇಂಗ್ಲೆಂಡಿನಲ್ಲಿ ದೊರೆಯಾದವನು ಇಂಡಿಯದಲ್ಲಿ ಚಕ್ರವರ್ತಿಯೆಂಬ ರಾಜ್ಯಾಂಗದ ಸೂಕ್ಷ್ಮವು ಒಂದು ಅಕ್ಷರದಲ್ಲಿ ಅಡಗಿದೆ. ಗಣರಾಜ್ಯವಾದ ಮೇಲೆ ಅದೇ ಕಾರ್ಖಾನೆಯ ಅದೇ ಕೊರಳಿನ ಮೇಲೆ ಕಿರೀಟವಿದ್ದಲ್ಲಿ ಅಶೋಕಸ್ತಂಭದ ಸಿಂಹಗಳು ಬಂದು ಕುಳಿತವು, ಕೆಳಗೆ ‘ಆರ್.ಎಫ್.ಐ.’ ಎಂಬ ಕಾರ್ಖಾನೆಯ ಅಕ್ಷರಗಳು. ಸಂವಿಧಾನದ ಪಾಠವನ್ನು ಹೇಳುವ ಅಧ್ಯಾಪಕನಿಗೆ ಈ ಎರಡು ಮುದ್ರೆಗಳ ಛಾಯಾಚಿತ್ರಗಳಿಗಿಂತ ಒಳ್ಳೆಯ ಉಪಕರಣ ದೊರೆಯುವುದು ಕಷ್ಟ.

ಸೊತ್ತಿನ ಗುರುತು ಬೇರೆ. ಬ್ರಿಟಿಷ್ ಸರ್ಕಾರದ ಸೊತ್ತಿಗೆ ಅಗಲವಾದ ಬಾಣದ ಗುರುತು. ಅದರಡಿಯಲ್ಲಿ ‘ಐ’ ಎಂಬ ಅಕ್ಷರವಿದ್ದರೆ ಭಾರತ ಸರ್ಕಾರದ್ದು; ಬಾಣವು ‘ಸಿ’ ಅಕ್ಷರದೊಳಗಿದ್ದರೆ ಕೆನಡದ್ದು. ಎರಡು ಬಾಣಗಳ ಮೊನೆಗಳು ಪರಸ್ಪರ ಎದುರಾಗಿದ್ದರೆ ಆ ಕೋವಿಯು ಸೈನ್ಯದ ಸೊತ್ತಾಗಿ ಉಳಿಯದೆ ಮಾರಾಟವಾಯಿತೆಂದು ಅರ್ಥ. ಹಾಗೆ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಹೋದವುಗಳ ನಳಿಗೆಯ ಮೇಲೆ ನಾಗರಿಕ ಪರೀಕ್ಷಾಲಯದ ಮುದ್ರೆಯೂ, ತೋಟಾದ ಉದ್ದವಾದ ೨.೨೨೨ ಅಂಗುಲವೂ, ಪರೀಕ್ಷೆಯ ಒತ್ತಡವಾದ ೧೮.೫ ಟನ್ನೂ ಒತ್ತಲ್ಪಟ್ಟಿರುತ್ತವೆ. ಇವುಗಳನ್ನು ಕಂಡು ‘ಮೊದಲ ಮಹಾಯುದ್ಧದ ಗುರುತು’ ಎಂದು ವಿವರಿಸುವ ಫಲಕಗಳನ್ನು ನಾವು ನೋಡಿದ್ದೇವೆ! ಅವು ಯುದ್ಧದ ಗುರುತಲ್ಲ, ಅಂಗಡಿಯ ಗುರುತು.

ಮುಂದೆ ಬರುವುದು ಕ್ರಮಸಂಖ್ಯೆ. ಉಕ್ಕಿನ ದೇಹ, ನಳಿಗೆ, ಬೋಲ್ಟಿನ ಹಿಡಿಯ ಬುಡ, ಮೂತಿಯ ಕವಚ, ಹಿಂಬದಿಯ ಗುರಿಪಟ್ಟಿಯ ಕೆಳಮೈ ಇಷ್ಟು ಕಡೆಗಳಲ್ಲಿ ಒಂದೇ ಸಂಖ್ಯೆಯಿರುವುದು ಮೂಲಸ್ಥಿತಿ. ಕೆಲವೆಡೆ ಮುಂಭಾಗದ ಮರದ ಕೆಳಗೂ ಅದನ್ನು ಕಾಣಬಹುದು. ಬೋಲ್ಟಿನ ಸಂಖ್ಯೆಯು ಹೊಂದುವುದು ಅಂದಕ್ಕಾಗಿ ಅಲ್ಲ. ಬೋಲ್ಟಿನ ಮುಖಕ್ಕೂ ತೋಟಾದ ಅಂಚು ತಾಗುವ ಸ್ಥಳಕ್ಕೂ ನಡುವಣ ಅಂತರವು ನಿಯತವಾಗಿರಬೇಕು. ಅಂಗುಲದ ೦.೦೬೪ ಭಾಗದ ಅಳತೆಗುಂಡನ್ನು ಇಟ್ಟರೆ ಬೋಲ್ಟು ಮುಚ್ಚಿಕೊಳ್ಳಬೇಕು, ೦.೦೭೪ ಭಾಗದ್ದನ್ನು ಇಟ್ಟರೆ ಮುಚ್ಚಿಕೊಳ್ಳಬಾರದು. ಅಂತರ ಹೆಚ್ಚಿದಲ್ಲಿ ತೋಟಾದ ಹಿತ್ತಾಳೆಯು ಹರಿದು ಕಾದ ಅನಿಲವು ಹಿಂದಕ್ಕೆ ಚಿಮ್ಮುವ ಅಪಾಯವುಂಟು. ಆದುದರಿಂದಲೇ ಪ್ರತಿಯೊಂದು ಬೋಲ್ಟನ್ನೂ ಅದರದರ ದೇಹಕ್ಕೆ ಹೊಂದಿಸಿ ಸಂಖ್ಯೆಯನ್ನು ಒತ್ತುತ್ತಿದ್ದರು. ಸಂಖ್ಯೆಗಳು ಬೇರೆಯಾಗಿದ್ದರೆ ಆ ಕೋವಿಯು ಎಂದೋ ಉಗ್ರಾಣದ ರಾಶಿಯಲ್ಲಿ ಬೆರೆತಿತ್ತೆಂದು ತಿಳಿಯಬೇಕು.

ಹಳೆಯ ಸಂಖ್ಯೆಯನ್ನು ಅಡ್ಡಗೀರಿನಿಂದ ಹೊಡೆದು ಪಕ್ಕದಲ್ಲಿ ಹೊಸದನ್ನು ಒತ್ತಿದ್ದರೆ ಅದು ಶಸ್ತ್ರಾಗಾರದ ಪ್ರಾಮಾಣಿಕವಾದ ತಿದ್ದುಪಡಿ; ಕಡತದಲ್ಲಿ ಗುಮಾಸ್ತನು ಹೊಡೆದು ಬರೆದು ಸಹಿ ಹಾಕಿದಂತೆ. ಹಳೆಯದು ಅರದಿಂದ ಉಜ್ಜಿ ಕಾಣದಂತಾಗಿ, ಅಲ್ಲಿ ಉಕ್ಕು ತಗ್ಗಾಗಿ, ಹೊಸ ಅಂಕಿಗಳ ಅಚ್ಚು ಉಳಿದೆಡೆಯ ಅಚ್ಚಿಗಿಂತ ಭಿನ್ನವಾಗಿದ್ದರೆ ಸಂಶಯಕ್ಕೆ ಎಡೆಯುಂಟು. ಹೊರದೇಶಗಳ ಪೇಟೆಯಲ್ಲಿ ‘ಎಲ್ಲ ಸಂಖ್ಯೆಯೂ ಒಂದೇ’ ಆದ ಕೋವಿಗೆ ಬೆಲೆ ಹೆಚ್ಚು; ಬೆಲೆಯಿದ್ದಲ್ಲಿ ಕೈಚಳಕವೂ ಇರುತ್ತದೆ.

ಕೃತಕದ ಮಾತು ಬಂದುದರಿಂದ ವಾಯವ್ಯ ಗಡಿಯ ಕೋವಿಗಳನ್ನು ಕುರಿತು ಹೇಳದೆ ಮುಂದೆ ಹೋಗಲಾಗದು. ಪೆಷಾವರಕ್ಕೂ ಕೋಹಾಟಕ್ಕೂ ನಡುವಣ ದರ್ರಾ ಆದಂಖೇಲಿನ ಕಮ್ಮಾರರು ಬ್ರಿಟಿಷರ ರೈಫಲುಗಳನ್ನು ನೋಡಿ ಕೈಯಿಂದಲೇ ತದ್ವತ್ತಾಗಿ ಮಾಡುವುದರಲ್ಲಿ ಹೆಸರುವಾಸಿಗಳು. ಅವರ ಕೌಶಲವು ಲೋಹದಲ್ಲಿ, ಇಂಗ್ಲಿಷಿನಲ್ಲಿ ಅಲ್ಲ. ಆದುದರಿಂದ ‘ಎನ್‌ಫೀಲ್ಡ್’ ಎಂಬ ಪದದಲ್ಲಿ ಒಂದಕ್ಷರ ತಲೆಕೆಳಗಾಗಿಯೋ ಹಿಂದುಮುಂದಾಗಿಯೋ ಇರುವುದುಂಟು. ಇನ್ನೂ ಸ್ವಾರಸ್ಯವಾದುದೆಂದರೆ, ಶಾರ್ಟ್ ಲೀ-ಎನ್‌ಫೀಲ್ಡಿನ ಮೇಲೆ ವಿಕ್ಟೋರಿಯಾ ರಾಣಿಯ ‘ವಿ.ಆರ್.’ ಮುದ್ರೆ. ರಾಣಿಯು ತೀರಿಕೊಂಡುದು ೧೯೦೧ರ ಜನವರಿಯಲ್ಲಿ. ಶಾರ್ಟ್ ಮಾದರಿಯು ಹೊರಬಂದುದು ೧೯೦೩ರಲ್ಲಿ. ದಾನಪತ್ರದಲ್ಲಿ ಆಗಲೇ ಸತ್ತ ದೊರೆಯ ಹೆಸರು ಬಂದರೆ ಶಾಸನತಜ್ಞನು ಅದನ್ನು ಕೂಟಶಾಸನವೆನ್ನುವ ನ್ಯಾಯವೇ ಇಲ್ಲಿಯೂ ಸಲ್ಲುತ್ತದೆ. ಆದರೆ ಕೂಟವೆಂದೊಡನೆ ಎಸೆಯತಕ್ಕದ್ದಲ್ಲ. ಬೊಂಬಾಯಿಯ ವ್ಯಾಪಾರಿಯು ಪ್ರವಾಸಿಗೆ ಮಾರಿದರೆ ಅದು ಕೃತಕ. ಗಡಿನಾಡಿನ ಕುಲವೊಂದು ಸಾಮ್ರಾಜ್ಯಕ್ಕೆ ಎದುರಾಗಿ ಹಿಡಿದಿದ್ದರೆ ಅದು ಸ್ವತಃ ಮೂಲ ಆಕರ.

ಈವರೆಗೆ ಹೇಳಿದುದು ಬರೆದುದನ್ನು ಓದುವ ಮಾತು. ಬರೆಯದೆ ಉಳಿದುದನ್ನು, ಅಂದರೆ ಸವೆತವನ್ನು, ಓದುವುದು ಇದಕ್ಕಿಂತ ಕಷ್ಟ. ಕೋವಿಯ ಸ್ಥಿತಿಯನ್ನು ಅಳೆಯುವವರು ಸಾಮಾನ್ಯವಾಗಿ ‘ಹೊಸದರಂತಿದೆ’ ಎಂಬುದನ್ನು ಮೇಲಿನ ಮೆಟ್ಟಲಿನಲ್ಲಿಟ್ಟು, ಸವೆತ ಹೆಚ್ಚಿದಂತೆಲ್ಲ ಕೆಳಗಿಳಿಸುತ್ತಾರೆ. ಈ ಅಳತೆಯು ವರ್ತಕನಿಗೆ ಸರಿ, ಇತಿಹಾಸಕಾರನಿಗೆ ಸಾಲದು ಎಂಬುದು ನಮ್ಮ ಅಭಿಪ್ರಾಯ. ಸವೆತದಲ್ಲಿ ಬಳಕೆಯಿಂದಾದುದು, ಅಲಕ್ಷ್ಯದಿಂದಾದುದು, ಅತಿಯಾದ ಅಕ್ಕರೆಯಿಂದಾದುದು ಎಂದು ಮೂರು ಬಗೆಯಿದೆ. ಮೂರನೆಯದೇ ಹೆಚ್ಚಿನ ಹಾನಿಯನ್ನು ಮಾಡಿದೆ.

ನಳಿಗೆಯನ್ನು ತೆಗೆದುಕೊಳ್ಳೋಣ. ಬೋಲ್ಟನ್ನು ತೆಗೆದು, ಬೆಳಕಿನ ಕಡೆಗೆ ಹಿಡಿದು ಹಿಂದಿನಿಂದ ನೋಡಿದರೆ ಐದು ತೋಡುಗಳು ತಿರುಗುತ್ತ ಹೋಗುವುದು ಕಾಣಬೇಕು. ತೋಟಾದ ಗೂಡಿನ ಮುಂದೆ ತೋಡುಗಳು ಮಸುಕಾಗಿದ್ದರೆ ಅದು ಮದ್ದಿನ ಕಾವಿನಿಂದ ಬಂದುದು. ಬಹಳ ಗುಂಡು ಹಾರಿದೆಯೆಂದು ಅರ್ಥ. ಮೂತಿಯ ತುದಿಯಲ್ಲಿ ಒಂದೇ ಪಕ್ಕಕ್ಕೆ ಸವೆದಿದ್ದರೆ ಅದು ಗುಂಡಿನದಲ್ಲ, ಹಗ್ಗದ್ದು. ಸಿಪಾಯಿಯು ತೂಕದ ಬತ್ತಿಯೊಂದನ್ನು ನಳಿಗೆಯೊಳಗೆ ಬಿಟ್ಟು, ಅದಕ್ಕೆ ಕಟ್ಟಿದ ಹುರಿಯಿಂದ ಬಟ್ಟೆಯ ತುಂಡನ್ನು ಎಳೆದು ದಿನವೂ ಶುಚಿ ಮಾಡುತ್ತಿದ್ದನು. ನೇರವಾಗಿ ಎಳೆಯದೆ ಓರೆಯಾಗಿ ಎಳೆದಾಗ ಹುರಿಯು ಉಕ್ಕನ್ನೂ ತಿನ್ನುತ್ತದೆ. ಯುದ್ಧವನ್ನೇ ಕಾಣದೆ ಇಪ್ಪತ್ತು ವರ್ಷ ಪಾಳೆಯದಲ್ಲಿ ಕಾವಲು ನಿಂತ ಕೋವಿಯ ಲಕ್ಷಣವು ಇದೇ ಆಗಿರಬಹುದು. ಗೋಡೆಯ ಸುಣ್ಣದ ಮೇಲಿನ ಸಿಡುಬಿನಂತೆ ಕಪ್ಪು ಗುಳಿಗಳು ಕಂಡರೆ ಅಲಕ್ಷ್ಯದ ಗುರುತು. ಹಳೆಯ ತೋಟಾದ ಕಿಡಿಮದ್ದು ಉರಿದು ಉಪ್ಪಿನಂಥ ಶೇಷವನ್ನು ಬಿಡುತ್ತದೆ. ಅದು ಗಾಳಿಯ ತೇವವನ್ನು ಹೀರಿ ತುಕ್ಕನ್ನು ತರುತ್ತದೆ. ಎಣ್ಣೆಯಿಂದ ಈ ಉಪ್ಪು ಕರಗದು. ಅದಕ್ಕಾಗಿಯೇ ಸಿಪಾಯಿಗಳು ಕುದಿಯುವ ನೀರನ್ನು ನಳಿಗೆಗೆ ಹೊಯ್ದು ತೊಳೆಯುತ್ತಿದ್ದರು. ನಮ್ಮ ಕರಾವಳಿಯಂತಹ ತೇವದ ಸೀಮೆಯಲ್ಲಿ ಒಂದು ಮಳೆಗಾಲದ ಅಲಕ್ಷ್ಯವೇ ನಳಿಗೆಯನ್ನು ಕೆಡಿಸಲು ಸಾಕು. ಒಂದು ಎಚ್ಚರಿಕೆ: ಎರಡನೆಯ ಮಹಾಯುದ್ಧದ ಕಾಲದ ನಾಲ್ಕನೆಯ ನಂಬರಿನ ರೈಫಲುಗಳಲ್ಲಿ ಕೆಲವಕ್ಕೆ ತಯಾರಿಕೆಯ ತ್ವರೆಯಿಂದ ಎರಡೇ ತೋಡುಗಳನ್ನು ಕೊರೆದಿದ್ದರು. ಅದನ್ನು ಕಂಡು ಉಳಿದ ಮೂರು ಸವೆದುಹೋದವೆಂದು ಬರೆಯಬಾರದು.

ಮರವೂ ಮಾತನಾಡುತ್ತದೆ. ಕೈಹಿಡಿಯುವ ಎಡೆಯಲ್ಲಿ ಕಪ್ಪಾಗಿ ನಯವಾಗಿರುವುದು ಬೆವರು ಮತ್ತು ಅಗಸೆ ಎಣ್ಣೆಯ ಫಲ. ಅಲ್ಲಲ್ಲಿ ಬೇರೆ ಮರದ ತುಂಡನ್ನು ಕೂಡಿಸಿ ಬೆಸೆದಿದ್ದರೆ ಅದು ಶಸ್ತ್ರಾಗಾರದ ಬಡಗಿಯ ಕೆಲಸ, ದೋಷವಲ್ಲ. ಈಶಾಪುರದಲ್ಲಿ ಸಿದ್ಧವಾದ ಅಥವಾ ರಿಪೇರಿಯಾದ ಕೋವಿಗಳಲ್ಲಿ ಮುಂಭಾಗದ ಮರದ ಹಿಂದುಗಡೆ ಅಡ್ಡಲಾಗಿ ಒಂದು ತಿರುಪು ಹಾಯ್ದಿರುವುದನ್ನು ನೋಡಬಹುದು. ಮರ ಸೀಳದಂತೆ ಕಂಡುಕೊಂಡ ಉಪಾಯ ಅದು. ಕೆಲವುಗಳಲ್ಲಿ ಮುಂಭಾಗದ ಮರಕ್ಕೆ ತಂತಿಯನ್ನು ಬಿಗಿಯಾಗಿ ಸುತ್ತಿರುತ್ತಾರೆ. ಮೂತಿಗೆ ಬಟ್ಟಲನ್ನು ಕಟ್ಟಿ ಕೈಬಾಂಬನ್ನು ಎಸೆಯುವುದಕ್ಕೆ ಮೀಸಲಾದ ಕೋವಿಗಳವು. ಸೀಳುವಿಕೆಗೆ ಮತ್ತೊಂದು ಕಾರಣವೂ ಉಂಟು. ಅದು ನಮ್ಮಂಥವರೇ ಮಾಡುವುದು. ಬಟ್ಟನ್ನು ಹಿಡಿದಿರುವ ಉದ್ದನೆಯ ಬೋಲ್ಟಿನ ಚೌಕನೆಯ ತುದಿಯು ಮುಂಭಾಗದ ಮರದ ಹಿಂದಣ ತಗಡಿನಲ್ಲಿ ಸಿಕ್ಕಿಕೊಂಡಿರುತ್ತದೆ. ಮುಂಭಾಗದ ಮರವನ್ನು ಮೊದಲು ತೆಗೆಯದೆ ಬಟ್ಟಿನ ಬೋಲ್ಟನ್ನು ತಿರುಗಿಸಿದರೆ ಮರವು ಸೀಳಿಯೇ ತೀರುತ್ತದೆ. ತಿಳಿದ ಶಸ್ತ್ರಕಾರನಿಲ್ಲದೆ ತಿರುಪಿಗೆ ಕೈಯಿಡದಿರುವುದು ಲೇಸು.

ಬಟ್ಟಿನ ಬಲಮೈಯಲ್ಲಿ ಹಳೆಯ ಕೋವಿಗಳಿಗೆ ಹಿತ್ತಾಳೆಯ ಬಿಲ್ಲೆಯಿರುತ್ತದೆ. ಪಲ್ಟಣದ ಹೆಸರು, ಕೋವಿಯ ಪಲ್ಟಣದೊಳಗಿನ ಸಂಖ್ಯೆ ಅದರ ಮೇಲೆ. ಕೋವಿಯನ್ನು ಮನುಷ್ಯರೊಡನೆ ಜೋಡಿಸುವ ಗುರುತು ಬಹುಮಟ್ಟಿಗೆ ಇದೊಂದೇ. ಮೊದಲ ಮಹಾಯುದ್ಧದ ನಡುವೆ ಈ ಬಿಲ್ಲೆಯನ್ನು ಕೈಬಿಟ್ಟರು. ಆದರೆ ಬಿಲ್ಲೆಯು ತಿರುಪಿನಿಂದ ನಿಂತಿರುವ ವಸ್ತು. ಸುಲಭವಾಗಿ ಕಳಚಿ ಬೇರೊಂದಕ್ಕೆ ಹಾಕಬಹುದು. ಬಿಲ್ಲೆಯ ಸುತ್ತಣ ಮರದ ಅಂಚಿನಲ್ಲಿ ಹಳೆಯ ಎಣ್ಣೆಯ ಕಿಟ್ಟವು ಮುರಿಯದೆ ಇದ್ದರೆ ಅದರ ಸಾಕ್ಷ್ಯವನ್ನು ನಂಬಬಹುದು. ಮುರಿದಿದ್ದರೆ ಉಳಿದ ಗುರುತುಗಳು ಅದನ್ನು ಸಮರ್ಥಿಸಬೇಕು.

ಕೋವಿಗೆ ಅಂಟಿಕೊಂಡ ಐತಿಹ್ಯಗಳನ್ನು ಹೀಗೆಯೇ ಪರೀಕ್ಷಿಸಬೇಕು. ‘ಮುತ್ತಜ್ಜನು ಫ್ರಾನ್ಸಿನ ಯುದ್ಧದಲ್ಲಿ ಹಿಡಿದುದು’ ಎಂಬ ಮಾತು ಎಲ್ಲ ದೇಶಗಳಲ್ಲಿಯೂ ಕೇಳಿಬರುತ್ತದೆ. ಸಿಪಾಯಿಯು ಪಿಂಚಣಿಯನ್ನು ಮನೆಗೆ ಒಯ್ಯುತ್ತಿದ್ದನೇ ಹೊರತು ಸರ್ಕಾರದ ರೈಫಲನ್ನಲ್ಲ. ಮೇಲಾಗಿ ೧೯೧೪ರಲ್ಲಿ ಭಾರತದ ದಳಗಳು ಮಾರ್ಸೇಲ್ಸ್ ಬಂದರಿನಲ್ಲಿಳಿದಾಗ, ತಾವು ತಂದಿದ್ದ ರೈಫಲುಗಳನ್ನು ಕೊಟ್ಟು ಹೊಸ ಬಗೆಯವನ್ನು ಪಡೆದವು. ಬ್ರಿಟಿಷ್ ಸೈನ್ಯವು ೧೯೧೦ರಿಂದ ಚೂಪುಮೂತಿಯ ಏಳನೆಯ ಮಾರ್ಕಿನ ತೋಟಾವನ್ನು ಬಳಸತೊಡಗಿತ್ತು. ಭಾರತದಲ್ಲಿ ಇನ್ನೂ ಮೊಂಡುಮೂತಿಯ ಆರನೆಯ ಮಾರ್ಕಿನದೇ ನಡೆಯುತ್ತಿತ್ತು. ಎರಡಕ್ಕೂ ಗುಂಡಿನ ವೇಗ ಬೇರೆ, ಆದುದರಿಂದ ಗುರಿಪಟ್ಟಿಯ ಗೆರೆಗಳೂ ಬೇರೆ. ಹೊಸ ತೋಟಾಕ್ಕೆ ಹೊಂದಿಸಿದವುಗಳ ಮೇಲೆ ‘ಎಚ್.ವಿ.’ ಎಂಬ ಗುರುತಿರುತ್ತದೆ. ಎರಡಕ್ಷರದ ಈ ಗುರುತನ್ನು ನೋಡದೆ ಕೋವಿಯ ಯುದ್ಧಚರಿತ್ರೆಯನ್ನು ಬರೆಯಹೊರಟವನು ಎಡವುತ್ತಾನೆ.

ಮೊಂಡುಮೂತಿಯ ತೋಟಾವು ಭಾರತದಲ್ಲಿ ಉಳಿದುದು ಆಕಸ್ಮಿಕವೇ? ಈ ಪ್ರಶ್ನೆಯು ನಮ್ಮನ್ನು ಅರ್ಧ ಶತಮಾನದಷ್ಟು ಹಿಂದಕ್ಕೆ ಒಯ್ಯುತ್ತದೆ. ೧೮೫೭ರ ದಂಗೆಗೆ ನೆಪವಾದುದು ೧೮೫೩ರ ಮಾದರಿಯ ಎನ್‌ಫೀಲ್ಡಿನ ಕೊಬ್ಬು ಸವರಿದ ತೋಟಾ ಎಂಬುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲನು. ದಂಗೆ ಅಡಗಿದ ಮೇಲೆ ಆ ಕೋವಿಗೆ ಏನಾಯಿತೆಂಬುದು ಅಷ್ಟಾಗಿ ತಿಳಿದಿಲ್ಲ. ಭಾರತೀಯ ಸಿಪಾಯಿಗಳಿಗೆಂದು ೧೮೫೮ರ ಮಾದರಿಯೊಂದನ್ನು ಸಿದ್ಧಪಡಿಸಿದರು. ಹೊರಗಿನಿಂದ ನೋಡಲು ಅದೇ ಎನ್‌ಫೀಲ್ಡ್. ಒಳಗೆ ೦.೫೭೭ ಅಂಗುಲದ ನಳಿಗೆಯನ್ನು ಸುಮಾರು ೦.೬೫ ಅಂಗುಲಕ್ಕೆ ಕೊರೆದು ತೋಡುಗಳನ್ನೇ ಅಳಿಸಿಬಿಟ್ಟಿದ್ದರು; ದೂರಕ್ಕೆ ಗುರಿಯಿಡುವ ಪಟ್ಟಿಯ ಸ್ಥಳದಲ್ಲಿ ಅಲುಗದ ಒಂದು ಗುರುತನ್ನು ಮಾತ್ರ ಬಿಟ್ಟರು. ಹೀಗೆ ಕೊರೆದುದರಿಂದ ನಳಿಗೆಯ ಗೋಡೆ ತೆಳುವಾಯಿತು. ಮರುವರ್ಷವೇ ಗೋಡೆಯನ್ನು ದಪ್ಪಗೊಳಿಸಿ ಮತ್ತೊಂದು ಮಾದರಿಯನ್ನು ಹೊರತರಬೇಕಾಯಿತು. ತಾನು ಸಂಬಳ ಕೊಟ್ಟು ಸಾಕಿದ ಸೈನಿಕನ ಗುಂಡು ದೂರ ಹೋಗದಂತೆ, ನೇರವಾಗಿ ಹೋಗದಂತೆ ನೋಡಿಕೊಂಡ ರಾಜ್ಯವದು. ಅಲ್ಲಿಂದ ಮುಂದೆಯೂ ಬಿಳಿಯ ಸೈನಿಕನಿಗೆ ಹೊಸದು, ಸಿಪಾಯಿಗೆ ಅದರ ಹಿಂದಿನದು ಎಂಬುದು ಬಹುಕಾಲ ನಡೆದ ಪದ್ಧತಿಯಾಯಿತು. ಗೋರರು ಮಾರ್ಟಿನಿ-ಹೆನ್ರಿ ಹಿಡಿದಾಗ ಸಿಪಾಯಿಯ ಕೈಯಲ್ಲಿ ಸ್ನೈಡರ್. ಅವರು ಲೀ-ಮೆಟ್‌ಫರ್ಡ್ ಹಿಡಿದಾಗ ಇವನ ಕೈಯಲ್ಲಿ ಮಾರ್ಟಿನಿ. ಜನರಿಗಾಗಿ ೧೮೭೮ರ ಆಯುಧ ಕಾಯಿದೆ ಬಂದಿತು. ಕೊಡಗಿನವರಿಗೆ ೧೮೬೧ರಿಂದಲೂ ದೊರೆತ ವಿನಾಯಿತಿಯು ಇದಕ್ಕೆ ಅಪವಾದ. ಸ್ವತಂತ್ರ ಭಾರತದ ಸರ್ಕಾರವೂ ಅದನ್ನು ಉಳಿಸಿಕೊಂಡು, ೨೦೧೯ರಲ್ಲಿ ಹತ್ತು ವರ್ಷದ ಅವಧಿಗೆ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ಆ ಮನೆಕೋವಿಗಳ ಅಧ್ಯಯನವು ಬೇರೊಂದು ಲೇಖನಕ್ಕೆ ತಕ್ಕ ವಿಷಯ.

ಲೀ-ಎನ್‌ಫೀಲ್ಡಿನ ಕಾಲಕ್ಕೂ ಈ ಅಪನಂಬಿಕೆ ಪೂರ್ತಿ ಅಳಿದಿರಲಿಲ್ಲ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಪೋಲೀಸರಿಗೂ ಕಾವಲುಗಾರರಿಗೂ ಕೊಡುವುದಕ್ಕೆಂದು ಈಶಾಪುರದಲ್ಲಿ ಹಳೆಯ ಲೀ-ಎನ್‌ಫೀಲ್ಡುಗಳ ತೋಡುಗಳನ್ನು ಕೊರೆದು ತೆಗೆದು ೦.೪೧೦ ಬೋರಿನ ನಯನಳಿಗೆಯ ಮಸ್ಕೆಟ್ಟುಗಳನ್ನಾಗಿ ಮಾರ್ಪಡಿಸಿದರು. ಮ್ಯಾಗಜಿನ್ನಿದ್ದ ಗೂಡಿಗೆ ಮರದ ತುಂಡನ್ನು ತುಂಬಿ, ಹತ್ತು ಗುಂಡಿನ ಕೋವಿಯನ್ನು ಒಂದು ಗುಂಡಿನದನ್ನಾಗಿ ಮಾಡಿದರು. ಹೊರದೇಶದ ಸಂಗ್ರಾಹಕರು ಈ ಮಸ್ಕೆಟ್ಟನ್ನು ‘ಹಾಳುಗೆಡವಿದ ರೈಫಲು’ ಎಂದು ಕಡೆಗಣಿಸುವುದುಂಟು, ಬೆಲೆಯೂ ಕಡಮೆ. ಆದರೆ ನೂರು ಅಚ್ಚುಕಟ್ಟಾದ ಮೂರನೆಯ ಮಾರ್ಕುಗಳಿಗಿಂತ ಇಂಥದೊಂದು ಮರದ ತುಂಡು ಆಳ್ವಿಕೆಯ ಸ್ವರೂಪವನ್ನು ಹೆಚ್ಚು ಸ್ಪಷ್ಟವಾಗಿ ಹೇಳುತ್ತದೆ. ಅದನ್ನು ಕಿತ್ತು, ಮ್ಯಾಗಜಿನನ್ನು ತೊಡಿಸಿ ‘ಮೂಲರೂಪಕ್ಕೆ ತಂದೆವು’ ಎನ್ನುವವರು ದಾಖಲೆಯನ್ನು ನಾಶಮಾಡಿದವರೇ ಆಗುತ್ತಾರೆ.

ಈ ಕ್ರಮದಲ್ಲಿ ನಾವು ಪರಿಶೀಲಿಸಿದ ಕೋವಿಯೊಂದರ ವಿವರವನ್ನು ಇಲ್ಲಿ ಕೊಡುತ್ತೇವೆ. ಕಾಲೇಜೊಂದರ ಕವಾಯತಿನ ಉಗ್ರಾಣದಲ್ಲಿದ್ದ ಈ ಕೋವಿಯು ಮೊದಲ ಮಹಾಯುದ್ಧದಲ್ಲಿ ಮೆಸಪೊಟೇಮಿಯವನ್ನು ಕಂಡುದೆಂದು ಅಲ್ಲಿ ವಾಡಿಕೆಯ ಮಾತು. ಕೊರಳಿನ ಮೇಲೆ ಕಿರೀಟ, ‘ಜಿ.ಆರ್.ಐ.’, ಈಶಾಪುರ, ೧೯೪೨, ನಕ್ಷತ್ರದ ಮೂರನೆಯ ಮಾರ್ಕು. ವರ್ಷವೊಂದೇ ಐತಿಹ್ಯವನ್ನು ಅಲ್ಲಗಳೆಯಿತು. ನಳಿಗೆಗೆ ತನ್ನದೇ ಆದ ವರ್ಷವಿದೆ, ೧೯೫೧. ಎಂದರೆ ಚಕ್ರವರ್ತಿಯ ಕಾಲದ ದೇಹಕ್ಕೆ ಗಣರಾಜ್ಯದ ನಳಿಗೆ. ಬೋಲ್ಟಿನ ಮೂಲ ಸಂಖ್ಯೆಯನ್ನು ಗೀರಿನಿಂದ ಹೊಡೆದು ದೇಹದ ಸಂಖ್ಯೆಯನ್ನು ಒತ್ತಿದೆ. ಮುಂಭಾಗದ ಮರಕ್ಕೆ ತಂತಿ ಸುತ್ತಿದೆ. ದೇಹದ ಮೇಲೂ ಮರದ ಮೇಲೂ ‘ಡಿ.ಪಿ.’, ಕವಾಯತಿಗೆ ಮಾತ್ರ ತಕ್ಕುದು ಎಂಬ ಮುದ್ರೆ. ಬೋಲ್ಟಿನೊಳಗಣ ಹೊಡೆಮೊಳೆಯ ತುದಿಯನ್ನು ಕತ್ತರಿಸಲಾಗಿದೆ. ಹುಟ್ಟು, ಹೊಸ ನಳಿಗೆಯೊಡನೆ ಪುನರ್ಜನ್ಮ, ಬಾಂಬೆಸೆಯುವ ಕಾಯಕ, ಕೊನೆಗೆ ವಿದ್ಯಾರ್ಥಿಗಳ ಹೆಗಲು ಎಂಬಷ್ಟು ಕಥೆಯು ಒಂದು ಗಂಟೆಯ ಪರಿಶೀಲನೆಯಲ್ಲಿ ಹೊರಬಂದಿತು.

ಬಾರದೆ ಹೋದುದೂ ಉಂಟು. ಯಾವುದೋ ವಾರ್ಷಿಕೋತ್ಸವದ ಪ್ರದರ್ಶನಕ್ಕೆಂದು ಹಿಂದೆಂದೋ ಆ ಬಟ್ಟನ್ನು ಉಪ್ಪುಕಾಗದದಿಂದ ಉಜ್ಜಿ ವಾರ್ನಿಷನ್ನು ಬಳಿದಿದ್ದಾರೆ. ಮರದ ಮಟ್ಟವು ಅದರ ಪಕ್ಕದ ಉಕ್ಕಿನ ಮಟ್ಟಕ್ಕಿಂತ ತಗ್ಗಾಗಿದೆ. ಮುದ್ರೆಗಳಿದ್ದ ಸ್ಥಳದಲ್ಲಿ ಪಕ್ಕದಿಂದ ಓರೆಯಾಗಿ ಬೆಳಕನ್ನು ಹಾಯಿಸಿದಾಗ ಒಂದು ವೃತ್ತದ ಅರೆಭಾಗವೂ, ಅಂಕಿಯೊಂದರ ಬಾಲವೂ ಕಂಡವು, ಅದಕ್ಕಿಂತ ಹೆಚ್ಚಿಲ್ಲ. ಆ ಕೋವಿಯನ್ನು ಹಿಡಿದಿದ್ದ ಪಡೆಯ ಹೆಸರು ಆ ಮರದ ಹುಡಿಯೊಡನೆ ಗುಡಿಸಿಹೋಯಿತು. ಇಂತಹ ಉಜ್ಜುವಿಕೆಯನ್ನು ಶುಚಿತ್ವವೆಂದೇ ನಮ್ಮ ಅನೇಕ ಸಂಸ್ಥೆಗಳು ತಿಳಿದಿವೆ. ತಂತಿಯ ಕುಂಚ, ಉಪ್ಪುಕಾಗದ, ಹೊಸ ಕಪ್ಪುಬಣ್ಣ ಈ ಮೂರನ್ನೂ ಹಳೆಯ ಆಯುಧದ ಹತ್ತಿರ ತರಕೂಡದು. ಮೃದುವಾದ ಬಟ್ಟೆಯಿಂದ ಧೂಳನ್ನು ಒರಸಿ, ಉಕ್ಕಿಗೆ ತೆಳುವಾಗಿ ಮೇಣವನ್ನು ಸವರಿ, ಬರಿಗೈಯ ಬೆವರು ತಾಗದಂತೆ ಹತ್ತಿಯ ಕೈಚೀಲದಿಂದ ಹಿಡಿದು, ತೇವವಿಲ್ಲದ ಕಡೆ ಇಟ್ಟರೆ ಅಷ್ಟೇ ಸಾಕು. ಗುಳಿಬಿದ್ದ ಉಕ್ಕಿನ ಮೇಲೆ ಒಂದೇ ಸಮನಾದ ಕರಿಬಣ್ಣವಿದ್ದರೆ, ಮುದ್ರೆಗಳ ಅಂಚು ಮೊಂಡಾಗಿದ್ದರೆ, ಅಲ್ಲಿ ಯಾರೋ ಆಗಲೇ ಕೈಯಾಡಿಸಿದ್ದಾರೆಂದು ತಿಳಿಯಬೇಕು. ಬಳಸಿದ ಕೋವಿಯ ಬಣ್ಣ ಸಹಜವಾಗಿ ಹೋಗುವುದು ಬೋಲ್ಟಿನ ಹಿಡಿಯಲ್ಲಿ, ಮ್ಯಾಗಜಿನ್ನಿನ ಅಂಚುಗಳಲ್ಲಿ, ಅಂದರೆ ಕೈ ತಾಗುವೆಡೆಗಳಲ್ಲಿ.

ದಾಖಲೆ ಬರೆಯುವ ರೀತಿಯನ್ನು ಕುರಿತು ಒಂದು ಸಲಹೆ. ಕಂಡುದನ್ನು ಕಂಡಂತೆ ಒಂದು ಅಂಕಣದಲ್ಲಿ, ಅದರಿಂದ ಊಹಿಸಿದುದನ್ನು ಮತ್ತೊಂದರಲ್ಲಿ, ಜನರು ಹೇಳಿದುದನ್ನು ಮೂರನೆಯದರಲ್ಲಿ ಬರೆಯಬೇಕು. ಮೇಲಣ ಕೋವಿಯ ವಿಷಯದಲ್ಲಿ ಮೆಸಪೊಟೇಮಿಯದ ಕಥೆಯನ್ನು ನಾವು ಹೊಡೆದುಹಾಕಲಿಲ್ಲ. ಮೂರನೆಯ ಅಂಕಣದಲ್ಲಿ, ಹೇಳಿದವರು ಯಾರು, ಯಾವಾಗ ಎಂಬುದರೊಡನೆ ಬರೆದಿಟ್ಟೆವು. ಅಂಥ ಕಥೆಯನ್ನು ಆ ಕಾಲೇಜಿಗೆ ತಂದವರು ಯಾರೋ ನಿಜವಾಗಿಯೂ ಮೆಸಪೊಟೇಮಿಯದಿಂದ ಮರಳಿದವರಿದ್ದಿರಬಹುದು. ಕೊರಳಿನ ಮುದ್ರೆ, ನಳಿಗೆಯ ವರ್ಷ, ಹೊಡೆದ ಸಂಖ್ಯೆ, ಬಟ್ಟಿನ ಮೇಲಣ ಅರೆವೃತ್ತ ಇವುಗಳ ಛಾಯಾಚಿತ್ರಗಳನ್ನು ಅಳತೆಪಟ್ಟಿಯೊಡನೆ ತೆಗೆದು ಆ ಹಾಳೆಗೆ ಲಗತ್ತಿಸಿದ್ದೇವೆ. ಒಂದು ಪ್ರತಿ ಆ ಕಾಲೇಜಿನ ಉಗ್ರಾಣದಲ್ಲಿ, ಮತ್ತೊಂದು ನಮ್ಮ ವಿಭಾಗದ ಕಡತದಲ್ಲಿ ಇದೆ.